ಬರೆದವಳ ಹೆಸರು ಹಾಕಿಯೇ ಸಿದ್ಧ

ಬೈಲಹೊಂಗಲದಲ್ಲಿ ಕುಳಿತು ಮಹಿಳಾ ಮಾಸಪತ್ರಿಕೆ ನಡೆಸುವವಳಿಗೆ ಫಜೀತಿಗಳಿಗೆ ಬರವಿಲ್ಲ. ಸಂಚಿಕೆ ಹೊರಗೆ ಹೋದರೆ ಸಾಕು, ಒಂದಾದರೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಪ್ಪತ್ತಾರು ವರ್ಷಗಳಿಂದ ನನ್ನದು ಒಂದೇ ಹಟ: ಬರೆದವಳ ಸ್ವಂತ ಹೆಸರು ಅಚ್ಚಾಗಬೇಕು. 'ಇಂಥವರ ಪತ್ನಿ', 'ಒಬ್ಬ ಸೋದರಿ' ಇವೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ.

"ಹಿಂಗ ಹಟಾ ಹಿಡದ್ರ ಬರಿಯಾಕ ಯಾರೂ ಸಿಗೂದಿಲ್ರಿ ಅಕ್ಕಾರ," ಎಂದು ಪ್ರೆಸ್ಸಿನವರು ಹೆದರಿಸಿದ್ದರು.

"ಸಿಗಲಿಲ್ಲಂದ್ರ ಖಾಲಿ ಹಾಳಿ ಅಚ್ಚ ಹಾಕ್ರಿ," ಎಂದಿದ್ದೆ.

ಹಿಂಡಿಯ ಗುಟ್ಟು

ಕಿತ್ತೂರಿನ ಒಬ್ಬ ಗೃಹಿಣಿ ಗುರೆಳ್ಳ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುವ ವಿಧಾನ ಕಳಿಸಿದರು. ಹೆಸರು ಸಮೇತ ಹಾಕಿದೆ. "ರುಚಿನ ಬರವಲ್ದರಿ!" ಎಂದು ಓದುಗರ ಫೋನೋ ಫೋನು. ನಾನೂ ಮಾಡಿ ನೋಡಿದೆ, ಬರಲಿಲ್ಲ. ಆಕೆಗೆ ಫೋನ್ ಹಚ್ಚಿದೆ.

"ಒಂದು ಸಾಮಾನು ಬಿಟ್ಟೇನ್ರಿ. ಎಲ್ಲಾ ಬರದ್ರ ನಮ್ಮ ನೆಗೆಣ್ಣಿ ನನಗಿಂತ ಚಲೋ ಮಾಡತಾಳ."

"ನನಗರೆ ಹೇಳ್ರಿ."

"ನಿಮಗ ಹೇಳಿದ್ರ ಅಚ್ಚ ಹಾಕತೀರಿ!"

ಮುಂದಿನ ತಿಂಗಳು ತಿದ್ದುಪಡಿ ಹಾಕಿದೆ: 'ಒಂದು ಪದಾರ್ಥ ಬಿಟ್ಟುಹೋಗಿದೆ. ಯಾವುದೆಂದು ತಿಳಿಸಲು ಲೇಖಕಿ ಒಪ್ಪಿಲ್ಲ.'

ಕಥೆಯೊಳಗಿನ ಗಂಡ

ಸವದತ್ತಿಯ ಒಬ್ಬಾಕೆ ಮೈಗಳ್ಳ ಗಂಡನೊಬ್ಬನ ಕಥೆ ಬರೆದಳು. ಆಕೆಯ ಗಂಡ ಸಂಚಿಕೆ ಹಿಡಿದುಕೊಂಡು ನೇರ ಆಫೀಸಿಗೇ ಬಂದ.

"ಮಂದಿ ನನ್ನ ನೋಡಿ ನಗಾಕತ್ತಾರ್ರಿ. ಆಕಿ ಹೆಸರ ತಪ್ಪಿ ಬಿದ್ದೈತಿ ಅಂತ ಹಾಕ್ರಿ."

"ಅದೊಂದ ಆಗೂದಿಲ್ರಿ."

"ಹಂಗಾರ ಆ ಗಂಡ ನಾ ಅಲ್ಲ ಅಂತರೆ ಹಾಕ್ರಿ."

ಅದು ನ್ಯಾಯವೇ. ನಾಲ್ಕು ಸಾಲು ಬರೆದುಕೊಡಲು ಹಾಳೆ, ಪೆನ್ನು ಮುಂದಿಟ್ಟೆ. ಹಾಳೆಯನ್ನು ಒಂದು ಗಳಿಗೆ ನೋಡಿ ಆಕಳಿಸಿದ.

"ಈಗೆಲ್ಲಿ ಬರಿಯೂದ್ರಿ? ಮನಿಗಿ ಹೋಗಿ ಆಕೀ ಕಡೆನ ಬರಸಿ ಕಳಸತೇನಿ."

ಒಂದೇ ಲಕೋಟೆ

ರಾಮದುರ್ಗದಿಂದ ಒಂದೇ ಲಕೋಟೆಯಲ್ಲಿ ಎರಡು ಪತ್ರ ಬಂದವು. ಒಂದರಲ್ಲಿ ಸೊಸೆಯ ಮೇಲೆ ಅತ್ತೆಯ ತಕರಾರು, ಇನ್ನೊಂದರಲ್ಲಿ ಅತ್ತೆಯ ಮೇಲೆ ಸೊಸೆಯದು. ಎರಡೂ ಬೆಂಕಿ. ಹೆಸರು ಮಾತ್ರ ಎರಡರಲ್ಲೂ ಇಲ್ಲ. ಇಂಥ ಪತ್ರ ಕೈಬಿಡಲು ಮನಸ್ಸು ಒಪ್ಪಲಿಲ್ಲ. ಹಟ ಬಿಡಲೂ ಒಪ್ಪಲಿಲ್ಲ. ಲಕೋಟೆಯ ಮೇಲಿನ ವಿಳಾಸ ಹಿಡಿದು ಬಸ್ ಹತ್ತಿದೆ.

ಪತ್ರದಲ್ಲಿ ಜಗಳಾಡಿದವರು ನನ್ನೆದುರು ಒಂದಾಗಿಬಿಟ್ಟರು.

"ಹೆಸರ ಬ್ಯಾಡ್ರಿ ಬಾಯಾರ," ಎಂದರು ಅತ್ತೆ. "ನಮ್ಮ ಯಜಮಾನರು ನಿಮ್ಮ ಪುಸ್ತಕ ಒಂದ ಸಾಲು ಬಿಡದ ಓದತಾರ. ಮನಿ ಮರ್ಯಾದಿ ಹೋತಂತ ರಂಪ ಮಾಡತಾರ."

"ಹೆಸರಿಲ್ಲದ ಹಾಕೂದಿಲ್ರಿ."

ಸೊಸೆ ಮೆಲ್ಲಗೆ ಬಾಯಿ ಬಿಟ್ಟಳು. "ನಂದು ತವರಮನಿ ಹೆಸರು ಹಾಕಿದ್ರ ನಡೀತದೇನ್ರಿ?"

ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಟ್ಟು, ಹಳೆಯದನ್ನು ಅಲ್ಲಿಗೇ ಮರೆತಿದ್ದರು. ಅಪ್ಪ ಅವ್ವ ಇಟ್ಟ ಹೆಸರಿಗಿಂತ ಸ್ವಂತದ್ದು ಇನ್ನಾವುದಿದೆ? ನನಗೆ ಕುಣಿಯುವಷ್ಟು ಖುಷಿಯಾಯಿತು.

"ಹಂಗಾರ ನಂದೂ ತವರಮನಿ ಹೆಸರ ಬರಕೋರಿ," ಎಂದರು ಅತ್ತೆ. ಹೆಸರು ಹೇಳುವಾಗ ಅವರ ದನಿ ಸಣ್ಣ ಹುಡುಗಿಯ ದನಿಯಂತಾಗಿತ್ತು.

ಎರಡು ಪತ್ರ, ಎರಡು ಹೆಸರು, ಎದುರುಬದುರು ಪುಟದಲ್ಲಿ ಬಂದವು. ಮೂರನೆಯ ದಿನ ಅತ್ತೆಯ ಫೋನು. ನಗುವಿನಲ್ಲಿ ಮಾತೇ ಹೊರಡುತ್ತಿರಲಿಲ್ಲ.

"ಯಜಮಾನರು ಎರಡೂ ಜೋರಾಗಿ ಓದಿದರ್ರಿ, ಹೆಸರು ಸಮೇತ!"

"ಏನಂದ್ರು?"

"'ಪಾಪ, ಇವು ಯಾರ ಮನ್ಯಾಗಿನ ಹೆಂಗಸರೋ ಏನೋ! ಇಂಥಾವರ ಗಂಡಂದಿರು ಹೆಂಗ ಬಾಳೇ ಮಾಡತಾರೋ!' ಅಂದ್ರು ನೋಡ್ರಿ."