ನಾನು ಬೈದ ಗಾಡಿ

"ಈ ಸಲ ಗಾಡಿ ಹೇಗೆ ತಗೋತೀನಿ ನೋಡ್ತಾ ಇರು. ಷೋರೂಮಿನವರೇ ನನ್ನ ಹಿಂದೆ ಬಿದ್ದು, ಮ್ಯಾಟು ಹಾಸಿ, ಸೀಟಿಗೆ ಕವರು ಹಾಕಿ, ಹಾರ ಸುತ್ತಿ, ನಮ್ಮ ರಸ್ತೆಗೆ ತಂದು ನಿಲ್ಲಿಸಬೇಕು" ಎಂದು ನಾನು ಹೆಂಡತಿಯ ಮುಂದೆ ಶಪಥ ಮಾಡಿದೆ.

ಕಮಲಾಕ್ಷಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗೆ ಹಾರ ಬೇಡ ಕಣ್ರೀ. ಒಳಗಿಂದ ತೆಗೆಯೋಕೆ ಬರೋ ಬಾಗಿಲು ಇದ್ರೆ ಸಾಕು" ಎಂದಳು.

ಈ ಮಾತಿಗೆ ಹಿನ್ನೆಲೆ ಇದೆ. ನಮ್ಮ ಹಳೇ ಕಾರಿನ ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಮದುವೆ ಮನೆಯ ಮುಂದೆ ಕಾರು ನಿಂತರೆ, ನಾನು ಇಳಿದು ಸುತ್ತಿ ಬಂದು ಬಾಗಿಲು ತೆಗೆಯುವವರೆಗೆ ಅವಳು ಒಳಗೇ ಕೂತಿರಬೇಕು. ನೋಡಿದವರು, ಬೇಳೆ ವ್ಯಾಪಾರದಲ್ಲಿ ದುಡ್ಡು ಬಂದಮೇಲೆ ಈಕೆಗೆ ಬಾಗಿಲು ತೆಗೆಯಲೂ ಗಂಡ ಬೇಕಾಯಿತು ಎಂದುಕೊಳ್ಳುತ್ತಾರೆ. ಹೋದ ತಿಂಗಳು ಒಂದು ಆರತಕ್ಷತೆಯಲ್ಲಿ ಪರಿಚಯದವರೊಬ್ಬರು ಸಿಕ್ಕರೆಂದು ನಾನು ಮಾತಾಡುತ್ತಾ ಒಳಗೆ ಹೋಗಿಬಿಟ್ಟೆ. ಊಟದ ಎಲೆ ಮುಂದೆ ಕೂತಮೇಲೆ ಹೆಂಡತಿ ನೆನಪಾದಳು. ಹೊಸ ಗಾಡಿಯ ಮಾತು ಹುಟ್ಟಿದ್ದು ಆ ರಾತ್ರಿ. ಅವಳ ಷರತ್ತು ಚಿಕ್ಕದು: ಗಾಡಿ ಬರುವವರೆಗೆ ಆ ಹಳೇ ಡಬ್ಬಾದಲ್ಲಿ ಯಾವ ಮದುವೆಗೂ ಬರುವುದಿಲ್ಲ.

ನಾನು ಏಕಾಂತಯ್ಯ. ಮನೆ ಬಸವೇಶ್ವರನಗರದಲ್ಲಿ, ಬೇಳೆಕಾಳಿನ ಅಂಗಡಿ ವಿಜಯನಗರದಲ್ಲಿ. ನನಗೆ ಗೊತ್ತಿರುವ ವಿದ್ಯೆ ಒಂದೇ, ಅದರಲ್ಲಿ ನನ್ನನ್ನು ಮೀರಿಸಿದವರನ್ನು ಯಶವಂತಪುರದ ಮಂಡಿಯಲ್ಲಿ ನಾನಿನ್ನೂ ಕಂಡಿಲ್ಲ. ಮೂಟೆಯಿಂದ ಒಂದು ಹಿಡಿ ತೊಗರಿಬೇಳೆ ತೆಗೆಯಬೇಕು. ಒಂದು ಕಾಳನ್ನು ಹಲ್ಲಿಗೆ ಕೊಡಬೇಕು. ಆಮೇಲೆ ಸಾವಿನ ಸುದ್ದಿ ಕೇಳಿದವನ ಹಾಗೆ ಮುಖ ಮಾಡಿ, "ಹೋದ ಸಲದ ಮಾಲು ಎಲ್ಲಿ, ಇದೆಲ್ಲಿ" ಎಂದು ಬೇಳೆಯನ್ನು ವಾಪಸ್ಸು ಮೂಟೆಗೆ ಸುರಿದು ನಡೆಯಬೇಕು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ ಕರೆಯುತ್ತಾರೆ. ಬೇಕಾದ ಮಾಲನ್ನು ಬೈಯಬೇಕು. ಬೇಡದ ಮಾಲನ್ನು "ಬಹಳ ಚೆನ್ನಾಗಿದೆ ಸ್ವಾಮಿ" ಎಂದು ಹೊಗಳಿ ಕೈತೊಳೆದುಕೊಳ್ಳಬೇಕು. ನಮ್ಮ ಶಾಸ್ತ್ರವೆಲ್ಲ ಇಷ್ಟೇ.

ಎದುರುಮನೆಯ ವೆಂಕಟಗಿರಿಯವರು ಮಗಳ ಮದುವೆಗೆ ದಿನಸಿ ಕೊಳ್ಳಲು ಒಮ್ಮೆ ನನ್ನ ಜೊತೆ ಮಂಡಿಗೆ ಬಂದಿದ್ದರು. ನಿವೃತ್ತ ಮೇಷ್ಟ್ರು, ಸಾಧು ಪ್ರಾಣಿ, ಹೇಳಿದ ಬೆಲೆ ಕೊಟ್ಟು ಮೇಲೆ ಥ್ಯಾಂಕ್ಸ್ ಹೇಳುವವರು. ನಾನು ಬೈದ ಮೂಟೆಗಳೇ ಸಂಜೆ ಅವರ ಮನೆಗೆ ಬಂದದ್ದನ್ನು ಕಂಡು ಬೆರಗಾಗಿ, "ಇದರ ಒಳಗುಟ್ಟು ಏನು ಏಕಾಂತಯ್ಯನವರೇ?" ಎಂದು ಕೇಳಿದ್ದರು. ಮಾವಿನಕಾಯಿ ಚಿತ್ರಾನ್ನ ತಿಂದ ಖುಷಿಯಲ್ಲಿ ನಾನು ಪೂರ್ತಿ ವಿದ್ಯೆಯನ್ನು ಅವರಿಗೆ ಬಿಡಿಸಿ ಹೇಳಿದ್ದೆ.

ಈಗ ಗಾಡಿಯ ವಿಷಯ. ಹೊಸದಾಗಿ ಬಂದಿರುವ ಒಂದು ಎಸ್‌ಯುವಿ. ಹೆಸರು ಬರೆಯುವುದಿಲ್ಲ, ಬಿಟ್ಟಿ ಜಾಹೀರಾತು ಕೊಡುವ ಅಭ್ಯಾಸ ನಮ್ಮ ವಂಶದಲ್ಲಿಲ್ಲ. ಅದು ರಸ್ತೆಗೆ ಇಳಿದದ್ದೇ ತಡ, ನಮ್ಮ ಪಾರ್ಕಿನ ವಾಕಿಂಗ್ ಬಳಗ ಎರಡು ಪಕ್ಷವಾಯಿತು. ಮುಂಭಾಗ ಸಿಂಹದ ಹಾಗಿದೆ ಎಂದು ಕೆಲವರು, ಗಡ್ಡ ಹೆರೆಯುವ ಮಷಿನ್ನಿನ ಹಾಗಿದೆ ಎಂದು ಕೆಲವರು. ಕೆಂಗೇರಿ ದಾಟಿದ ಮೇಲೆ ಹಾರುತ್ತದೆ ಎಂದು ಒಬ್ಬರು. ಐದು ಜನ ಕೂತು ಎಸಿ ಹಾಕಿದರೆ ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ಉಬ್ಬಸ ಬರುತ್ತದೆ ಎಂದು ಇನ್ನೊಬ್ಬರು. ಮುಖ ಮೆಚ್ಚಿದವರು ಎಂಜಿನ್ ಮೆಚ್ಚಲಿಲ್ಲ, ಎಂಜಿನ್ ಮೆಚ್ಚಿದವರು ಮುಖ ನೋಡಲಿಲ್ಲ. ಇಷ್ಟು ಜನರಲ್ಲಿ ಆ ಗಾಡಿಯನ್ನು ನಿಜವಾಗಿ ಓಡಿಸಿದ್ದವರು ಒಬ್ಬರೇ, ಅದೂ ಷೋರೂಮಿನಿಂದ ಪಕ್ಕದ ಸಿಗ್ನಲ್ಲಿನವರೆಗೆ.

ಈ ಜಗಳದಲ್ಲಿ ನಿದ್ದೆಗೆಟ್ಟವರು ವೆಂಕಟಗಿರಿ. ಸ್ಕೂಟರು ಸಾಕು, ಇನ್ನು ಹೆಂಡತಿ ಸತ್ಯವತಿಯನ್ನು ಕಾರಿನಲ್ಲಿ ಕೂರಿಸಬೇಕು ಎಂದು ಅವರೂ ಅದೇ ಗಾಡಿಯ ಮೇಲೆ ಕಣ್ಣಿಟ್ಟಿದ್ದರು ಎಂಬುದು ನನಗೆ ಅಂದು ತಿಳಿದಿರಲಿಲ್ಲ. "ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ, ನಿಮ್ಮ ಅಭಿಪ್ರಾಯ ಏನು?" ಎಂದು ಪಾರ್ಕಿನಲ್ಲಿ ನನ್ನನ್ನೇ ಕೇಳಿದರು.

ಬೇಕು ಅನ್ನುವುದನ್ನು ಹೊರಗೆ ತೋರಿಸಿಕೊಂಡರೆ ನಾನೆಂಥ ವ್ಯಾಪಾರಿ? "ನಂಗೇನು, ಹಳೇದೇ ಚೆನ್ನಾಗಿದೆ. ನಾನಂತೂ ತಗೊಳ್ಳಲ್ಲ" ಎಂದೆ. ಆಗಲೇ ಒಂದು ಯೋಚನೆ ಹೊಳೆಯಿತು. ಷೋರೂಮಿನಲ್ಲಿ ನಮ್ಮ ಮನೆಯವರೇ ಬೈದರೆ ಸಾಲದು, ಪಕ್ಕದಲ್ಲಿ ಒಬ್ಬ ಗೌರವಸ್ಥ ಮೂರನೆಯವ ನಿಂತು ತಲೆಯಾಡಿಸಿದರೆ ಬೈಗುಳಕ್ಕೆ ತೂಕ. "ಭಾನುವಾರ ಸುಮ್ನೆ ಹೋಗಿ ನೋಡೋಣ, ಬನ್ನಿ" ಎಂದು ಕರೆದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅಷ್ಟೊಂದು ಕೃತಜ್ಞತೆ ಏಕೆಂದು ನಾನು ಯೋಚಿಸಬೇಕಿತ್ತು.

ಭಾನುವಾರ ರಾಜಾಜಿನಗರದ ಷೋರೂಮಿಗೆ ಹೊರಟಾಗ ಹಳೇ ಕಾರಿನಲ್ಲೇ ಪಾತ್ರ ಹಂಚಿದೆ. ಮದುವೆಗೆ ಮಾತ್ರ ಬರುವುದಿಲ್ಲ ಎಂದಿದ್ದಳಾದ್ದರಿಂದ ಕಮಲಾಕ್ಷಿ ಹಿಂದೆ ಕೂತಿದ್ದಳು. ಕಾರು ಓಡಿಸುತ್ತಿದ್ದವನು ಅವಳ ತಮ್ಮ ಕೊಟ್ರೇಶಿ.

"ಕಮಲಾಕ್ಷಿ, ನಿಂದು ರೂಪ. ಕೊಟ್ರೇಶಿ, ನಿಂದು ಎಂಜಿನ್. ಒಳಗೆ ಯಾರೂ ನಗಬಾರದು."

"ಭಾವ, ನಂಗೆ ಆ ಗಾಡಿ ಅಂದ್ರೆ ಪ್ರಾಣ. ಹೇಗೆ ಬೈಯಲಿ?"

"ಪ್ರಾಣ ಅಂದ್ಕೊಂಡಿರೋರೇ ಚೆನ್ನಾಗಿ ಬೈಯೋದು ಕಣೋ."

"ಅದು ನಿಜ" ಎಂದಳು ಕಮಲಾಕ್ಷಿ ಹಿಂದಿನಿಂದ, ನನ್ನ ಕತ್ತನ್ನೇ ನೋಡುತ್ತಾ.

ವೆಂಕಟಗಿರಿ ಸ್ಕೂಟರಿನಲ್ಲಿ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಒಳಗೆ ಗಗನಾ ಎಂಬ ಹುಡುಗಿ ನಮ್ಮನ್ನು ಎದುರುಗೊಂಡು ಕಾಫಿ ತರಿಸಿದಳು. ಕಡುಹಸಿರು ಬಣ್ಣದ ಗಾಡಿ ದೀಪದ ಕೆಳಗೆ ನಿಂತಿತ್ತು. ಕಮಲಾಕ್ಷಿಗೆ ಬೇಕಾದದ್ದು ಅದೇ ಬಣ್ಣ.

"ಈ ಗ್ರೀನು ಒಂದೇ ಪೀಸ್ ರೆಡಿ ಇರೋದು ಸಾರ್. ಇದು ಹೋದ್ರೆ ದೀಪಾವಳಿ ಕಳೀಬೇಕು" ಎಂದಳು ಗಗನಾ.

ನಾನು ಒಳಗೇ ನಕ್ಕೆ. ಕೊನೇ ಮೂಟೆ ಎಂದು ಗಿರಾಕಿಗಳಿಗೆ ನಾನೂ ದಿನಾ ಹೇಳುತ್ತೇನೆ. ಹೆಂಡತಿಗೆ ಕಣ್ಸನ್ನೆ ಮಾಡಿದೆ.

ಅವಳು ಗಾಡಿಯನ್ನು ಒಂದು ಸುತ್ತು ಹಾಕಿ, ಗಂಟಲು ಸರಿಮಾಡಿಕೊಂಡು, "ಮುಂದೆ ನೋಡಿದ್ರೆ ಹಲ್ಲುನೋವಿನೋರ ಥರಾ ಇದೆ. ಹಿಂದೆ ನೋಡಿದ್ರೆ ನಮ್ಮತ್ತೆಯವರ ಬೀರು" ಎಂದಳು. ಚೆನ್ನಾಗಿಯೇ ಬೈದಳು. ಆದರೆ ಬೈಯುತ್ತಲೇ ಹಿಂದಿನ ಸೀಟಿನಲ್ಲಿ ಕೂತು, ಒಳಗಿನಿಂದ ಬಾಗಿಲು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆ ಮುಖದಲ್ಲಿ ದೇವರ ದರ್ಶನವಾದ ಕಳೆ. ನಾನು ಕೆಮ್ಮಿದೆ. ಅವಳು ಕೆಳಗಿಳಿದು, "ಬಾಗಿಲೂ ಭಾರ" ಎಂದು ಸೇರಿಸಿದಳು.

ಕೊಟ್ರೇಶಿ ಟೆಸ್ಟ್ ಡ್ರೈವಿಗೆಂದು ಗಗನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಗಾಡಿಯಲ್ಲಿ ನವರಂಗ್‌ವರೆಗೆ ಹೋಗಿ ಬಂದ. ಇಳಿದಾಗ ಮುಖ ಊರಗಲ ಇತ್ತು. ನನ್ನನ್ನು ಕಂಡ ತಕ್ಷಣ ಅದನ್ನು ಮಡಚಿ ಒಳಗಿಟ್ಟುಕೊಂಡ.

"ಎಳೆತಾನೇ ಇಲ್ಲ ಭಾವ. ಸಿಗ್ನಲ್ಲಲ್ಲಿ ಆಟೋದೋನು ನಮ್ಮನ್ನ ಹಿಂದೆ ಹಾಕಿ ಹೋದ."

"ಸಾರ್, ರೆಡ್ ಲೈಟ್ ಇತ್ತು" ಎಂದಳು ಗಗನಾ. "ಆಟೋದವರು ಹೋದ್ರು. ನಾವು ನಿಂತ್ವಿ."

ಇನ್ನು ನನ್ನ ಸರದಿ. ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು, ಕಿವಿಗೊಟ್ಟು, ಸಾವಿನ ಸುದ್ದಿಯ ಮುಖ ಮಾಡಿದೆ. "ತಗಡು. ಸೀಟು ಹಲಗೆ. ಲೈಟು ಮೆಳ್ಳಗಣ್ಣು. ಈ ಗಾಡಿನ ಯಾರು ತಗೋತಾರಮ್ಮ?" ಮುಂದಿನ ಕಾಲು ಗಂಟೆ ನಾನು ಆಡಿದ ಮಾತು ಮಂಡಿಯಲ್ಲೂ ಆಡಿಲ್ಲ. ಹೊಗಳಲು ಒಂದು ಮೊಳೆಯನ್ನೂ ಉಳಿಸಲಿಲ್ಲ.

ವೆಂಕಟಗಿರಿ ಕಾಫಿ ಲೋಟ ಹಿಡಿದು ಕಣ್ಣರಳಿಸಿ ಕೇಳುತ್ತಿದ್ದರು. ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು, "ಅಷ್ಟೊಂದಾ ಏಕಾಂತಯ್ಯನವರೇ?" ಎಂದರು.

"ಅಷ್ಟೇ ಅಲ್ಲ ಸ್ವಾಮಿ, ಇನ್ನೂ ಇದೆ. ಹೊತ್ತಾಯ್ತು ಅಂತ ಬಿಟ್ಟಿದೀನಿ."

ಅವರು ನಿಟ್ಟುಸಿರು ಬಿಟ್ಟರು. ಮುಖ ಶಾಂತವಾಯಿತು. "ನೀವು ಹೊರಡಿ. ನಾನು ಕಾಫಿ ಮುಗಿಸ್ಕೊಂಡು ಬರ್ತೀನಿ."

ನಾವು ಹೊರಟೆವು. ಮೆಲ್ಲಗೆ ನಡೆದೆ. ಗಾಜಿನ ಬಾಗಿಲಲ್ಲಿ ಚಪ್ಪಲಿ ಸರಿಮಾಡಿಕೊಂಡೆ. ಯಾರೂ ಕರೆಯಲಿಲ್ಲ. ಕಾರಿನ ಹತ್ತಿರ ಬಂದು ಬೀಗದ ಕೈ ಹುಡುಕಿದೆ. ಯಾರೂ ಕರೆಯಲಿಲ್ಲ. ಬೀಗದ ಕೈ ಕೊಟ್ರೇಶಿಯ ಹತ್ತಿರ ಇತ್ತು.

"ಕರೀಲಿಲ್ವಲ್ರೀ" ಎಂದಳು ಕಮಲಾಕ್ಷಿ, ನಾನು ಅವಳಿಗೆ ಬಾಗಿಲು ತೆಗೆದಾಗ.

"ಫೋನ್ ಮಾಡ್ತಾರೆ. ಈಗಿನವರು ಕೂಗಲ್ಲ."

ಸೋಮವಾರ ಫೋನನ್ನು ತಕ್ಕಡಿಯ ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಬಂದವು ಕರೆಗಳು: ಒಬ್ಬರು ಸಾಲ ಬೇಕೇ ಎಂದರು, ಒಬ್ಬರು ಸೈಟು ಬೇಕೇ ಎಂದರು. ಗಾಡಿ ಬೇಕೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಮಂಗಳವಾರ ಕಮಲಾಕ್ಷಿ, "ನೀವೇ ಮಾಡಬಾರದಾ?" ಎಂದಳು. ಮೊದಲು ಫೋನ್ ಮಾಡಿದವನು ಸೋತ ಎಂದು ನಾನು ಅವಳಿಗೆ ವಿವರಿಸಿದೆ. "ಹಾಗಾದ್ರೆ ಗೆದ್ದೋರು ಬಸ್ಸಲ್ಲಿ ಓಡಾಡ್ತಾರಾ?" ಎಂದಳು.

ಬುಧವಾರ ಸಂಜೆ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಹೊರಗೆ ಬಂದು ನೋಡಿದರೆ ಕಡುಹಸಿರು ಗಾಡಿ. ಚೆಂಡುಹೂವಿನ ಹಾರ, ಒಳಗೆ ಮ್ಯಾಟು, ಸೀಟಿಗೆ ಕವರು, ಪಕ್ಕದಲ್ಲಿ ಕೈಮುಗಿದು ನಿಂತ ಷೋರೂಮಿನವನು. ನನ್ನ ಶಪಥ ಅಕ್ಷರಶಃ ನೆರವೇರಿತ್ತು. ಗೇಟು ಮಾತ್ರ ಎದುರುಮನೆಯದು.

ವೆಂಕಟಗಿರಿ ಮೈಸೂರುಪಾಕಿನ ಡಬ್ಬಿ ಹಿಡಿದು ರಸ್ತೆ ದಾಟಿ ಬಂದರು. ಕಣ್ಣಲ್ಲಿ ನೀರು.

"ನಿಮ್ಮ ಉಪಕಾರ ಹೇಗೆ ತೀರಿಸಲಿ? ಪಾರ್ಕಿನೋರ ಮಾತು ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ನಿಮಗೆ ಗಾಡಿ ಬೇಡ, ಆದ್ರೂ ನನಗೋಸ್ಕರ ಸಂಸಾರ ಸಮೇತ ಬಂದ್ರಿ. ನೀವು ಅಷ್ಟು ಬೈದಾಗಲೇ ಗೊತ್ತಾಯ್ತು, ಮಾಲು ಅಂದ್ರೆ ಇದು ಅಂತ. ಅಲ್ಲೇ ಬುಕ್ ಮಾಡಿದೆ. ನಿಮ್ಮ ಬೈಗುಳಕ್ಕೆ ಹೆದರಿ ಮ್ಯಾನೇಜರು ಮ್ಯಾಟು, ಕವರು ಎಲ್ಲಾ ಫ್ರೀ ಕೊಟ್ಟರು."

ನಾನು ಕಮಲಾಕ್ಷಿಯ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಎಡಗಿವಿ ಬಿಸಿಯಾಗುತ್ತಿತ್ತು.

"ಮೊದಲನೇ ರೌಂಡು ನೀವಿಲ್ಲದೆ ಹೋಗಲ್ಲ" ಎಂದು ಅವರು ನಮ್ಮಿಬ್ಬರನ್ನೂ ಕೊಟ್ರೇಶಿಯನ್ನೂ ಹಿಂದೆ ಕೂರಿಸಿದರು. ಮುಂದೆ ಸತ್ಯವತಿ. ಐದು ಜನ, ಎಸಿ ಬೇರೆ. ಸುಮನಹಳ್ಳಿ ಫ್ಲೈಓವರ್ ಬಂತು. ಉಬ್ಬಸ ಬರಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಗಾಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಮೇಲೇರಿತು. ಸೀಟು ತೊಟ್ಟಿಲು. ನನ್ನ ಗಂಟಲಿನಿಂದ ನನಗೇ ಗೊತ್ತಿಲ್ಲದೆ ಸತ್ಯ ಹೊರಬಿತ್ತು.

"ಬಹಳ ಚೆನ್ನಾಗಿದೆ ಸ್ವಾಮಿ."

ಗಾಡಿ ನಿಧಾನವಾಯಿತು. ಫ್ಲೈಓವರ್ ಇಳಿದ ಮೇಲೆ ವೆಂಕಟಗಿರಿ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿದರು. ಹಿಂದೆ ತಿರುಗಿದ ಮುಖ ಬಿಳಿಚಿಕೊಂಡಿತ್ತು.

"ಏನಂದ್ರಿ?"

"ಗಾಡಿ ಬಹಳ ಚೆನ್ನಾಗಿದೆ ಅಂದೆ."

"ಮುಚ್ಚಿಡಬೇಡಿ ಏಕಾಂತಯ್ಯನವರೇ. ಎಂಜಿನ್ನಲ್ಲಿ ಏನಾದ್ರೂ ಸದ್ದು ಬರ್ತಿದೆಯಾ?"

"ಇಲ್ಲ ಸ್ವಾಮಿ, ನಿಜವಾಗ್ಲೂ ಒಳ್ಳೇ ಗಾಡಿ."

"ಅಯ್ಯೋ ದೇವ್ರೇ, ಒಳ್ಳೇ ಗಾಡಿ ಅಂತಿದಾರೆ" ಎಂದು ಅವರು ಸತ್ಯವತಿಯ ಕೈ ಹಿಡಿದರು. ಆಕೆ ಪರ್ಸಿನಿಂದ ಬಿಪಿ ಮಾತ್ರೆ ತೆಗೆದರು. ನಾನು ಹೊಗಳಿದಷ್ಟೂ ಆ ದಂಪತಿ ಕುಸಿಯುತ್ತಿದ್ದರು. ಬೇರೆ ದಾರಿ ಕಾಣದೆ ಅಂದೆ: "ಸೀಟು ಹಲಗೆ ಇದ್ದಂಗಿದೆ ಬಿಡಿ. ಎಸಿ ಗಾಳಿ ಮೊಣಕಾಲಿಗೆ ಹೊಡೀತಿದೆ."

ಅವರ ಮುಖಕ್ಕೆ ರಕ್ತ ಮರಳಿತು. "ಹಾಗೆ ಹೇಳಿ ಮತ್ತೆ" ಎಂದು ಗಾಡಿ ಎತ್ತಿದರು. ಬಸವೇಶ್ವರನಗರ ತಲುಪುವವರೆಗೆ ನಾನು ಬೈಯುತ್ತಲೇ ಇರಬೇಕಾಯಿತು. ಒಂದು ನಿಮಿಷ ಸುಮ್ಮನಾದರೆ ಕನ್ನಡಿಯಲ್ಲಿ ನನ್ನನ್ನು ಆತಂಕದಿಂದ ನೋಡುತ್ತಿದ್ದರು. ಮನೆ ಮುಂದೆ ಕಮಲಾಕ್ಷಿ ಒಳಗಿನಿಂದ ತಾನೇ ಬಾಗಿಲು ತೆಗೆದು ಇಳಿದಳು. ಒಂದು ಕ್ಷಣ ನಿಂತು, ಆ ಬಾಗಿಲನ್ನು ಮೆಲ್ಲಗೆ ಹಾಕಿದಳು. ನೇರವಾಗಿ ಒಳಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೇ ದಿನ ಅಂಗಡಿ ತೆರೆಯುವ ಮುಂಚೆ ಷೋರೂಮಿಗೆ ಹೋದೆ. ಅದೇ ಗಾಡಿ, ಅದೇ ಹಸಿರು, ಅವರು ಹೇಳಿದ್ದೇ ಬೆಲೆ. "ದೀಪಾವಳಿ ಕಳೀಬೇಕು ಸಾರ್" ಎಂದಳು ಗಗನಾ.

"ಮ್ಯಾಟು?"

"ಅದು ಬೇರೆ ಚಾರ್ಜ್ ಸಾರ್."

ಜೀವನದಲ್ಲೇ ಮೊದಲ ಸಲ ಕೇಳಿದಷ್ಟು ಕೊಟ್ಟು ಮರುಮಾತಿಲ್ಲದೆ ಬುಕ್ ಮಾಡಿ ಬಂದೆ. ಕಮಲಾಕ್ಷಿಗೆ ಸುದ್ದಿ ಹೇಳಿದೆ. "ಹೂಂ" ಎಂದಳು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಅವಳು ಹುರುಳಿಕಾಯಿ ಹಾಕಿ ಉಪ್ಪಿಟ್ಟು ಮಾಡಿದ್ದಳು. ಮನೆಯಲ್ಲಿ ಮತ್ತೆ ಮಾತು ಶುರುವಾಗಲಿ ಎಂದು ಪ್ರೀತಿಯಿಂದಲೇ, "ಉಪ್ಪಿಟ್ಟು ಬಹಳ ಚೆನ್ನಾಗಿದೆ ಕಣೇ" ಎಂದೆ.

ಅವಳು ಸೌಟು ಕೆಳಗಿಟ್ಟಳು. ನನ್ನನ್ನು ದಿಟ್ಟಿಸಿದಳು. ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, "ನಿಜ ಹೇಳ್ರೀ. ಗಾಡಿ ಬುಕ್ ಮಾಡೇ ಇಲ್ಲ ಅಲ್ವಾ?" ಎಂದಳು.

ಷೋರೂಮಿನ ರಸೀದಿ ತಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು, ಬಣ್ಣ ಹಸಿರೇ ಎಂದು ಬೆರಳಿಟ್ಟು ನೋಡಿದಳು. ತಟ್ಟೆ ಇನ್ನೂ ಅವಳ ಹತ್ತಿರವೇ ಇತ್ತು.

"ಉಪ್ಪು ಸ್ವಲ್ಪ ಮುಂದಾಗಿದೆ" ಎಂದೆ.

ಅವಳ ಮುಖ ಅರಳಿತು. ತಟ್ಟೆಯನ್ನು ನನ್ನ ಮುಂದೆ ಸರಿಸಿ, ಇನ್ನೊಂದು ಸೌಟು ಬಡಿಸಿದಳು.