ಅಳಿಸುವ ಗುಂಡಿ

ಯಮಲೋಕಕ್ಕೊಬ್ಬ ಚಿತ್ರಗುಪ್ತ ಇರುವುದಾದರೆ ನವನಗರದ ನಮ್ಮ ಮನೆಗೂ ಒಬ್ಬ ಯಾಕಿರಬಾರದು? ಬಿಸಿಎ ಕೊನೆಯ ವರ್ಷದ ಹುಮ್ಮಸ್ಸಿನಲ್ಲಿ ನಾನು ಹೀಗೊಂದು ಪ್ರತಿಜ್ಞೆ ಮಾಡಿದೆ! ಕಾರಣ ಅವ್ವ. ದಿನವಿಡೀ ಟಿವಿ ಒದರುವುದು ನನ್ನಿಂದಲೇ ಎಂದು ಆಕೆಯ ಆರೋಪ. ಸಾಕ್ಷಿ ಸಮೇತ ಸತ್ಯವನ್ನು ಜಗತ್ತಿನೆದುರು ಇಡುತ್ತೇನೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮೂರು ವಾರ ಕೂತು ತಂತ್ರಾಂಶ ಬರೆದೆ. ಹೆಸರು ‘ಚಿತ್ರಗುಪ್ತ’. ಟಿವಿಯ ಡಬ್ಬಿಯನ್ನು ಹಳೆಯ ಕಂಪ್ಯೂಟರಿಗೆ ಜೋಡಿಸಿದ್ದರಿಂದ ಬೇಕಾದ ಕಾರ್ಯಕ್ರಮ ತಾನಾಗಿಯೇ ರೆಕಾರ್ಡ್ ಆಗುತ್ತಿತ್ತು. ಯಾರು, ಏನನ್ನು, ಎಷ್ಟು ಸಲ, ಯಾವ ನಿಮಿಷದವರೆಗೆ ನೋಡಿದರು ಎಂಬುದೂ ದಾಖಲಾಗುತ್ತಿತ್ತು. ಹಳೆಯ ಮೊಬೈಲೇ ರಿಮೋಟು. ಅದರಲ್ಲಿ ಮನೆಯವರೆಲ್ಲರ ಫೋಟೊ. ತಮ್ಮ ಮುಖವನ್ನು ತಾವೇ ಒತ್ತಿ ಕೂತರಾಯಿತು. ಆಯಿ, ಅಂದರೆ ಅಪ್ಪನ ತಾಯಿ, ನಾಲ್ಕನೆಯ ಇಯತ್ತೆವರೆಗೆ ಕನ್ನಡ ಸಾಲಿ ಕಲಿತವಳು. ಆಕೆಗಾಗಿಯೇ ಗುಂಡಿಗಳಿಗೆ ಅಚ್ಚಗನ್ನಡದ ಹೆಸರಿಟ್ಟೆ: ನೋಡು, ನಿಲ್ಲಿಸು, ಅಳಿಸು. ಈ ಮೂರು ಪದಗಳ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಅವುಗಳ ಅರ್ಥ ಹೇಳಿಕೊಡುವುದನ್ನೇ ಮರೆತೆ.

ಮೊದಲ ವಾರದ ವರದಿಯಲ್ಲಿ ನಲವತ್ತು ತಾಸಿಗೆ ಇಪ್ಪತ್ತಾರು ತಾಸು ಅವ್ವನವೇ. ಚಿತ್ರಗುಪ್ತನಿಗೆ ಕಣ್ಣು ನೆಟ್ಟಗಿಲ್ಲ ಎಂದು ಆಕೆ ತೀರ್ಪು ಕೊಟ್ಟಳು. ಎರಡನೆಯ ವಾರದಿಂದ ಧಾರಾವಾಹಿಯ ಕಂತುಗಳು ಮಾಯವಾಗತೊಡಗಿದವು. ಅದೂ ಎಂಥವು! ಮದುವೆ ಮುರಿದದ್ದು, ಕಳೆದ ಮಗಳು ಸಿಕ್ಕಿದ್ದು. ಪೊಳ್ಳು ಕಂತುಗಳೆಲ್ಲ ಭದ್ರ, ತಿರುಳಿದ್ದವೇ ಇಲ್ಲ. ಅವ್ವ ನನ್ನನ್ನು ಗುಮಾನಿಯಿಂದ ನೋಡಿದಳು. ದಾಖಲೆ ತೆರೆದರೆ ಎಲ್ಲಕ್ಕೂ ಆಯಿಯ ಮುಖ, ಕೊನೆಗೆ ‘ಅಳಿಸು’. ಆಯಿಗೆ ಅಷ್ಟೆಲ್ಲ ಎಲ್ಲಿ ತಿಳಿಯುತ್ತದೆ, ನಾನು ಬರೆದ ತಂತ್ರಾಂಶದಲ್ಲೇ ಏನೋ ತಪ್ಪಿರಬೇಕು ಎಂದುಕೊಂಡು ಆಕೆಯನ್ನು ಕೇಳಲೇ ಇಲ್ಲ.

ಅದೇ ಕಂಪ್ಯೂಟರಿನಲ್ಲಿ ಅಜ್ಜನೂ ಇದ್ದ. ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಉಣಕಲ್ಲಿನ ಭಜನಾ ಮೇಳವನ್ನು ಊರಿನ ಕೇಬಲ್‌ನವರು ತೋರಿಸಿದ್ದರು. ಎರಡನೆಯ ಸಾಲಿನಲ್ಲಿ ತಾಳ ಹಿಡಿದು ಅಜ್ಜ. ಏಳನೆಯ ನಿಮಿಷದಲ್ಲಿ ಕ್ಯಾಮೆರಾ ಅವನತ್ತ ತಿರುಗುತ್ತದೆ. ಅವನು ತಾಳ ತಪ್ಪಿಸಿ, ನಾಚಿ, ಮತ್ತೆ ಹಿಡಿಯುತ್ತಾನೆ. ಒಂಬತ್ತು ಸೆಕೆಂಡು. ಮರುವರ್ಷ ಅಜ್ಜ ಹೋದ. ಓಡಾಡುವ, ನಾಚುವ ಅಜ್ಜ ನಮಗೆ ಉಳಿದದ್ದು ಅಷ್ಟೇ. ಪೆನ್ ಡ್ರೈವಿನಲ್ಲಿದ್ದ ಅದನ್ನು ಚಿತ್ರಗುಪ್ತನಿಗೆ ಒಪ್ಪಿಸಿ, ಪೆನ್ ಡ್ರೈವ್ ಖಾಲಿ ಮಾಡಿ ಕಾಲೇಜಿನ ಪ್ರಾಜೆಕ್ಟಿಗೆ ಒಯ್ದವಳು ನಾನೇ.

ಆಯಿ ದಿನಾ ಮಧ್ಯಾಹ್ನ ಉಂಡಾದ ಮೇಲೆ ಅದನ್ನು ನೋಡುತ್ತಿದ್ದಳು. ಒಮ್ಮೆಯೂ ಅತ್ತವಳಲ್ಲ, ನಗುತ್ತಿದ್ದಳು. ಒಂದು ಶನಿವಾರ ನಾನು ಕಾಲೇಜಿನಿಂದ ಬಂದಾಗ ಮೊಬೈಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಯವ್ವಾ, ನಿಮ್ಮಜ್ಜ ಬರವಲ್ರು ನೋಡು.”

ಪರದೆ ನೋಡಿದೆ. ಅಜ್ಜನಿದ್ದ ಜಾಗ ಖಾಲಿ.

“ಏನ್ ಒತ್ತಿದಿ ಬೇ?”

“ಅಳಿಸು ಅನ್ನೂದು. ಇವತ್ತ ಅಳಿಸಿದ್ರು, ಅದಕ್ಕ ಒತ್ತಿದ್ನಿ. ಯಾವದು ಅಳಿಸ್ತೈತಿ ಅಂತ ತಿಳಕೊಳ್ಳಾಕ ನೀನ ಇಟ್ಟಿಯಲ್ಲ?”

ಒರೆಸಿಹಾಕುವುದೂ ಅಳಿಸುವುದೇ, ಕಣ್ಣೀರು ತರಿಸುವುದೂ ಅಳಿಸುವುದೇ. ಇಷ್ಟು ದಿನ ಆಯಿ ಪ್ರಾಮಾಣಿಕವಾಗಿ, ಯಾವ ಕಂತು ಅಳಿಸಿತೋ ಅದಕ್ಕೆ ತಪ್ಪದೆ ಹಾಗೆಂದು ಒತ್ತಿ, ಕಣ್ಣೊರೆಸಿಕೊಂಡು ಏಳುತ್ತಿದ್ದಳು.

ಕಂಪ್ಯೂಟರನ್ನು ಹೊತ್ತುಕೊಂಡು ಕಾಲೇಜಿನ ಲ್ಯಾಬಿಗೆ ಓಡಿದೆ. ವಿಜಯೀಂದ್ರ ಸರ್ ಕತ್ತಲಾಗುವವರೆಗೆ ಹುಡುಕಿದರು. ಅಳಿಸಿದ ಜಾಗದ ಮೇಲೆ ಆ ಕ್ಷಣವೇ ಬೇರೇನನ್ನೋ ಬರೆದುಬಿಡುವ ಏರ್ಪಾಡನ್ನು ನೀನೇ ಮಾಡಿದ್ದೀಯ, ಇನ್ನು ಏನೂ ಸಿಗದು ಎಂದರು. ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು ಕೂಡ! ಕೇಬಲ್‌ನವರು ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಹೆಸರಿಗೆ ತಕ್ಕಂತೆ ಚಿತ್ರ ಗುಪ್ತವಾಯಿತು.

ಕಂಪ್ಯೂಟರನ್ನು ಮನೆಗೆ ತಂದು ಮತ್ತೆ ಜೋಡಿಸಿ ಆಯಿಯ ಮುಂದೆ ಕೂತೆ. ಅಜ್ಜ ಇನ್ನು ಸಿಗುವುದಿಲ್ಲ ಎಂದೆ. ಆಕೆಯೇ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. ಇಷ್ಟು ದಿನ ನಗಿಸುತ್ತಿದ್ದ ಅಜ್ಜ ಆ ದಿನ ಯಾಕೆ ಅಳಿಸಿದ ಎಂದು ಕೇಳಿದೆ.

“ಅಂಗಿ ಮ್ಯಾಲಿನ ಗುಂಡಿ ಇರಲಿಲ್ಲ. ಇಷ್ಟ ದಿನ ಮಾರಿನ ನೋಡಿದ್ನಿ, ಅಂಗಿ ನೋಡಿರಲಿಲ್ಲ. ಹಚ್ಚಿಕೊಡು ಅಂದಿದ್ರು. ನಾಳೆ ಹಚ್ತೀನಿ ಅಂದಿದ್ನಿ.”

ಹೊರಗೆ ಧಾರವಾಡದ ಬಸ್ಸೊಂದು ಹೋಯಿತು. ಕಂಪ್ಯೂಟರಿನಲ್ಲಿ ಈಗ ಅಜ್ಜನದು ಏನು ಉಳಿದಿದೆ ಎಂದು ಆಯಿ ಕೇಳಿದಳು. ಲೆಕ್ಕ ಮಾತ್ರ ಉಳಿದಿದೆ ಎಂದೆ. ನಲವತ್ತೊಂದು ಸಲ ನೋಡಿದ್ದಾಳೆ. ಪ್ರತಿ ಸಲವೂ ಏಳನೆಯ ನಿಮಿಷದಲ್ಲಿ ನಿಲ್ಲಿಸಿದ್ದಾಳೆ.

ಆಯಿ ಕಣ್ಣು ಮುಚ್ಚಿದಳು. ತುಟಿಯ ಮೂಲೆಯಲ್ಲಿ ಎಂದಿನ ನಗೆ ಮೂಡಿತು. ತೊಡೆಯ ಮೇಲೆ ಬೆರಳು ಎರಡು ಸಲ ತಾಳ ಹಾಕಿತು, ಒಮ್ಮೆ ತಪ್ಪಿತು, ಮತ್ತೆ ಹಿಡಿಯಿತು. ಒಂಬತ್ತು ಸೆಕೆಂಡೇ ಇರಬೇಕು. ಯಾವ ಕೈಯೂ ತಾಕದೆ ತಾನೇ ಎಲ್ಲ ಬರೆದುಕೊಳ್ಳುತ್ತಾನೆಂದು ನಾನು ಕೊಚ್ಚಿಕೊಂಡಿದ್ದ ಚಿತ್ರಗುಪ್ತ ಕೆಲಸವಿಲ್ಲದೆ ಮಿಣುಕುತ್ತ ಕೂತಿದ್ದ.

“ನಲವತ್ತೆರಡ ಅಂತ ಬರಕೊ,” ಎಂದಳು ಆಯಿ, ಕಣ್ಣು ಬಿಡದೆ. “ಈ ಸಲ ಗುಂಡಿ ಹಚ್ಚೇನಿ.”