ಎಡಕ್ಕೆ ವಾಲುತ್ತಿದ್ದ ಕಾರು

ಹಳೆ ಕಾರು ಇಟ್ಟುಕೊಂಡ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನಮ್ಮದು ಅಪ್ಪ ಕೊಂಡ ಕಾರು. ಲೈಸೆನ್ಸ್ ಬಂದ ದಿನದಿಂದ ಓಡಿಸುವವನು ನಾನು. ಹಿಂದಿನ ಸೀಟಿನಲ್ಲಿ ಎಡಕ್ಕೆ ಅಪ್ಪ, ಬಲಕ್ಕೆ ಅಮ್ಮ. ಅಪ್ಪನ ಭಾರಕ್ಕೆ ಕಾರು ಎಡಕ್ಕೆ ವಾಲಿ, ಅಮ್ಮ ದಾರಿಯುದ್ದಕ್ಕೂ ಅವರ ಮೇಲೆ ಜಾರುತ್ತಿದ್ದಳು. "ಆ ಹೊಟ್ಟೆ ಸ್ವಲ್ಪ ಕರಗಿಸ್ರೀ" ಎಂಬ ಬೈಗುಳವೇ ನಮ್ಮ ಕಾರಿನ ರೇಡಿಯೋ.

ಹೋದ ವರ್ಷ ಅಪ್ಪ ಕಾಯಿಲೆ ಬಿದ್ದು ಎದ್ದರು. ಕುಲುಕಾಟ ಕೂಡದು ಎಂದರು ಡಾಕ್ಟರು. ಅಪ್ಪನದು ಒಂದೇ ಹಟ: ಭದ್ರಾವತಿಯ ಗೆಳೆಯನನ್ನು ನೋಡಬೇಕು, ಅದೂ ಈ ಕಾರಿನಲ್ಲೇ. ಸರಿ, ಸಸ್ಪೆನ್ಷನ್ ರಿಪೇರಿಗೆ ಹೊರಟೆ.

೧. ಕುಣಿತ

ಶಿವಮೊಗ್ಗದ ಮೆಕ್ಯಾನಿಕ್ ಕಾರಿನ ಡಿಕ್ಕಿಯನ್ನು ಕೆಳಕ್ಕೆ ಒತ್ತಿ ಕೈಬಿಟ್ಟ. ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದರೆ ಕಾರು ಒಂದು ಸಲ ಎದ್ದು ನಿಲ್ಲಬೇಕು. ನಮ್ಮದು ಕುಣಿಯುತ್ತಲೇ ಇತ್ತು.

"ಈಗೇನಪ್ಪಾ ಮಾಡೋದು?" ಎಂದೆ.

"ಬನ್ನಿ ಸಾರ್, ಟೀ ಕುಡ್ಕೊಂಡು ಬರೋಣ. ಅಷ್ಟೊತ್ತಿಗೆ ನಿಂತ್ರೂ ನಿಂತೀತು."

೨. ಹಿಡ್ಕೊಳ್ರೋ!

ರಸ್ತೆಯಲ್ಲಿ ಗುಂಡಿ ಕಂಡರೆ ಅಪ್ಪ ಹಿಂದಿನಿಂದ "ಹಿಡ್ಕೊಳ್ರೋ!" ಎಂದು ಕೂಗುತ್ತಿದ್ದರು. ಹಿಂದೊಮ್ಮೆ ಶಂಕರಘಟ್ಟದ ಬಸ್ಸಿನಲ್ಲಿ ತೂಕಡಿಸುತ್ತಿದ್ದವರು, ಬಸ್ಸು ಕುಲುಕಿದ್ದೇ ಅಭ್ಯಾಸಬಲದಿಂದ ಹಾಗೇ ಕೂಗಿಬಿಟ್ಟರು. ಯೂನಿವರ್ಸಿಟಿಗೆ ಹೊರಟಿದ್ದ ಸ್ಟೂಡೆಂಟುಗಳೆಲ್ಲ ಗಾಬರಿಯಿಂದ ಕಂಬಿ ಹಿಡಿದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಅಪ್ಪನನ್ನೇ ತಬ್ಬಿ ಹಿಡಿದುಕೊಂಡ.

೩. ಜಾತಕ

ಶಾಕ್ ಅಬ್ಸಾರ್ಬರ್ ಹೊಸದಾಯಿತು. ಹಿಂದಿನ ಚಕ್ರಗಳ ಭಾರ ಹೊರುವ ಕಮಾನು ಪಟ್ಟಿಗಳನ್ನು ಬಡಿದು ಬಾಗಿಸಲು ಭದ್ರಾವತಿ ಓಲ್ಡ್ ಟೌನಿನ ಮುದುಕರೊಬ್ಬರೇ ಗತಿ. ಅವರು ಕಾರು ನೋಡುವ ಮೊದಲೇ ಜಾತಕ ಕೇಳಿದರು: "ಯಾರ್ಯಾರು ಎಲ್ಲೆಲ್ಲಿ ಕೂರ್ತಾರೆ?"

"ಹಿಂದೆ ಎಡಗಡೆ ನಮ್ಮಪ್ಪ. ಭಾರೀ ಆಳು."

ಕಾಯಿಲೆಯಲ್ಲಿ ಇಳಿದುಹೋದ ಅಪ್ಪನ ಅಂಗಿ ಈಗ ಹ್ಯಾಂಗರಿಗೆ ಹಾಕಿದಂತೆ ಜೋತಾಡುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಹಾಗಾದ್ರೆ ಎಡಕ್ಕೆ ಒಂದು ಪಟ್ಟಿ ಜಾಸ್ತಿ. ಬಲಗಡೆ?"

"ಅಮ್ಮ. ಅವಳ ತೂಕ ಕೇಳಿದ್ರೆ ನನಗೆ ರಾತ್ರಿ ಊಟ ಇಲ್ಲ."

"ಸರಿ, ಬಲಕ್ಕೆ ಇದ್ದಷ್ಟೇ ಇರ್ಲಿ. ನಿಮ್ಮ ಊಟ ನಾನ್ಯಾಕೆ ಕೆಡಿಸ್ಲಿ?"

೪. ಸರದಿ

ಪಟ್ಟಿ ಕೂರಿಸಿಯಾದ ಮೇಲೆ ಮೂವರೂ ಅಪ್ಪನ ಗೆಳೆಯನನ್ನು ನೋಡಲು ಭದ್ರಾವತಿಗೆ ಹೊರಟೆವು. ಗುಂಡಿಗಳು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಆದರೆ ಕಾರು ಈಗ ಬಲಕ್ಕೆ ವಾಲಿತ್ತು. ಕನ್ನಡಿಯಲ್ಲಿ ನೋಡುತ್ತೇನೆ, ಅಪ್ಪ ಮೆಲ್ಲಗೆ ಜಾರಿ ಜಾರಿ ಅಮ್ಮನ ಭುಜಕ್ಕೆ ಹೋಗಿ ಒರಗಿದ್ದಾರೆ. ಮುಖದ ತುಂಬ ಗೆದ್ದವರ ನಗು.

"ನೋಡ್ದ್ಯೇನೇ? ಭಾರ ಯಾರದು ಅಂತ ಈಗ ಗೊತ್ತಾಯ್ತಲ್ಲ!"

ನಾನು ಕಾರಿನ ವೇಗ ಇಳಿಸಿದೆ. "ತಪ್ಪು ನನ್ನದಮ್ಮ. ಅಪ್ಪನ ಹಳೇ ತೂಕದ ಲೆಕ್ಕ ಹೇಳ್ಬಿಟ್ಟೆ. ಎಡಕ್ಕೆ ಜಾಸ್ತಿ ಹಾಕಿಸಿದ ಆ ಪಟ್ಟಿ ಇವತ್ತೇ ತೆಗೆಸ್ತೀನಿ" ಎಂದೆ.

ಅಮ್ಮ ಒಂದು ಕೈಯಿಂದ ಅಪ್ಪನ ತೋಳು ಹಿಡಿದುಕೊಂಡಳು.

"ಸುಮ್ನೆ ಗಾಡಿ ಓಡ್ಸು ಮಾರಾಯ. ಇಷ್ಟು ವರ್ಷ ನಾನು ಜಾರಿದ್ದಾಯ್ತು. ಇನ್ನು ಅವರು ಜಾರ್ಲಿ!"